ಮೂರು ಸಲ ಮಂಡಿಯೂರಿದ ದೊಡ್ಡಪ್ಪ

ಹದಿನೈದು ದಿನದ ಹಿಂದೆ ಮಗನ ಮನೆಗೆ ಹೊಸ ಬಾಗಿಲು ಕೂರಿಸಿದರು. ಬಡಗಿ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿಕೊಂಡು, ಹತ್ತಿಬಟ್ಟೆಯ ಉಂಡೆ ಅದ್ದಿ ಅದ್ದಿ ಪಾಲಿಶ್ ಉಜ್ಜುತ್ತಿದ್ದ. ಜಗಲಿಯ ಮೇಲೆ ಪೇಪರು ನೋಡುತ್ತ ಕೂತಿದ್ದ ನಾನು ಇದ್ದಕ್ಕಿದ್ದಂತೆ ಎದ್ದು ಒಳಗೆ ಹೋದೆ. "ವಾಸ್ನೆಗೆ ತಲೆನೋವು ಬಂತಾ ಮಾವ?" ಎಂದಳು ಸೊಸೆ. ಏನು ಹೇಳಲಿ? ನಮ್ಮ ಕಾಲದಲ್ಲಿ ನಾಟಕದ ಗಡ್ಡ ಅಂಟಿಸುವುದಕ್ಕೆ ಇದೇ ಅರಗು, ಇದೇ ಸ್ಪಿರಿಟ್ಟು. ಆ ವಾಸನೆ ಮೂಗಿಗೆ ಬಡಿದರೆ ನನಗೆ ನೆನಪಾಗುವುದು ಒಂದೇ ಒಂದು ಗಡ್ಡ. ಅರ್ಧ ಕಿತ್ತು ದವಡೆಯಿಂದ ಜೋತಾಡುತ್ತಿತ್ತು... ಅದರ ಹಿಂದಿದ್ದ ಮುಖ ನಮ್ಮ ದೊಡ್ಡಪ್ಪನದು.

ದೊಡ್ಡಪ್ಪ ಎಂದರೆ ರಕ್ತಸಂಬಂಧವಲ್ಲ. ಮಂಡ್ಯದಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ನಮ್ಮಪ್ಪನಿಗಿಂತ ನಾಲ್ಕು ವರ್ಷ ದೊಡ್ಡವರು, ಅದಕ್ಕೆ ದೊಡ್ಡಪ್ಪ. ಸ್ವಂತ ಊರು ಹೊಳಲು. ಜಮೀನನ್ನು ತಮ್ಮಂದಿರಿಗೆ ಬಿಟ್ಟು ಬಂದು ರೈಲ್ವೆ ಸ್ಟೇಷನ್ನಿನಿಂದ ಪೇಟೆಗೆ ಜಟಕಾ ಓಡಿಸುತ್ತಿದ್ದರು. ಹರೆಯದಲ್ಲಿ ಮಹಾರಾಜರ ಕುದುರೆ ಪಡೆ ಸೇರಿ, ಮೊದಲನೆಯ ಮಹಾಯುದ್ಧದಲ್ಲಿ ಹಡಗು ಹತ್ತಿ ಸಮುದ್ರದಾಚೆಗೆ ಹೋಗಿಬಂದವರು. ಹೈಫಾ ಎಂಬ ಊರನ್ನು ಈಟಿ ಹಿಡಿದು ಗೆದ್ದ ಸವಾರರಲ್ಲಿ ಅವರೂ ಒಬ್ಬರು. ಅದರ ಬಗ್ಗೆ ಎಂದೂ ಜಂಬ ಕೊಚ್ಚಿಕೊಂಡವರಲ್ಲ. ಕೇಳಿದರೆ, "ಕುದ್ರೆ ಓಡ್ತು, ಮ್ಯಾಲೆ ನಾನಿದ್ದೆ" ಎಂದು ಅಷ್ಟಕ್ಕೇ ಮುಗಿಸುತ್ತಿದ್ದರು.

ಅವರು ಬಿಡಿಸಿ ಬಿಡಿಸಿ ಹೇಳುತ್ತಿದ್ದದ್ದು ಅದಾದ ಮೇಲಿನ ಮೂರು ವಾರದ ಕಥೆ. ಪಡೆ ಮುಂದಕ್ಕೆ ಹೋಯಿತು, ಇವರಿಗೆ ಚಳಿಜ್ವರ. ಕಾಯಿಲೆ ಬಿದ್ದ ಕುದುರೆಗಳನ್ನು ನೋಡಿಕೊಂಡಿರು ಎಂದು ಇವರನ್ನು ಅಲ್ಲೇ ಬಿಟ್ಟರು. ಕುದುರೆ ಕಟ್ಟಿದ್ದ ಕೊಟ್ಟಿಗೆ ಒಬ್ಬ ಮುದುಕನದು. ಕುದುರೆಯ ಜೀನು ಹೊಲಿಯುವುದು ಅವನ ಕಸುಬು, ಜಾತಿಯಲ್ಲಿ ಯೆಹೂದಿ. "ಅವ್ನ ಮಾತು ನಂಗ್ ಬರಾಕಿಲ್ಲ, ನನ್ ಮಾತು ಅವ್ನಿಗ್ ಬರಾಕಿಲ್ಲ. ನಾನು ಯಾವ್ ಜಾತಿ, ಯಾವ್ ದೇವ್ರು, ಒಂದೂ ಕೇಳ್ನಿಲ್ಲ ಕಣ್ಲಾ. ಮೂರು ವಾರ ಅವ್ನ ಎಂಡ್ತಿ ಆ ಮುದ್ಕಿ ನಂಗೆ ರೊಟ್ಟಿ ಕೊಟ್ಲು, ಗಂಜಿ ಕುಡುಸುದ್ಲು. ಸುಕ್ರವಾರ ಸಂಜೆ ಎಲ್ಡು ದೀಪ ಅಚ್ಚೋಳು, ನಮ್ಮವ್ವ ಅಚ್ಚಂಗೇಯ" ಎನ್ನುತ್ತಿದ್ದರು. ಅದನ್ನು ಹೇಳುವಾಗ ಪ್ರತಿಸಲವೂ ಕುದುರೆ ಉಜ್ಜುವ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

ನನಗೆ ಆಗ ಇಪ್ಪತ್ತೆರಡು. ತಾಲ್ಲೂಕು ಕಚೇರಿಯಲ್ಲಿ ಹಂಗಾಮಿ ಗುಮಾಸ್ತ. ದೊಡ್ಡಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಕಚೇರಿಯಿಂದ ಬಂದಮೇಲೆ ಅವರ ಲಾಯದಲ್ಲಿ ಕೂತು ಪೇಪರು ಓದಿ ಹೇಳುವುದು ನನ್ನ ಕೆಲಸ. ಎರಡನೆಯ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಒಂದು ಸಂಜೆ, ಜರ್ಮನಿಯಲ್ಲಿ ಯೆಹೂದಿಗಳ ಅಂಗಡಿ ಒಡೆದರು, ಪ್ರಾರ್ಥನೆಯ ಗುಡಿಗಳಿಗೆ ಬೆಂಕಿ ಇಟ್ಟರು ಎಂಬ ಸುದ್ದಿ ಓದಿದೆ.

"ಯಾರ್ಲಾ ಒಡ್ದೋರು? ಪೋಲೀಸ್ನೋರಾ?" ಎಂದರು.

"ಊರಿನವರೂ ಸೇರ್ಕೊಂಡು ಅಂತ ಬರೆದವ್ರೆ ದೊಡ್ಡಪ್ಪ."

"ಪಕ್ಕದ್ ಮನೆಯೋರೂವಾ?"

ಅದು ಪೇಪರಿನಲ್ಲಿರಲಿಲ್ಲ. ಇರಬಹುದು ಎಂದೆ. ಅವರು ಕುದುರೆಗೆ ಹುಲ್ಲು ಹಾಕಿದರು.

ಇನ್ನು ನಮ್ಮ ನಾಟಕದ ಸಂಘದ ವಿಷಯ ಹೇಳಬೇಕು. ಸಕ್ಕರೆ ಕಾರ್ಖಾನೆ ಬಂದು ಮಂಡ್ಯ ಬೆಳೆದಿತ್ತು. ಗುಮಾಸ್ತರು, ಮೇಷ್ಟ್ರುಗಳು, ಮಂಡಿಯವರು ಸೇರಿ ವರ್ಷಕ್ಕೊಂದು ನಾಟಕ ಆಡುತ್ತಿದ್ದೆವು. ಅಕ್ಕಿ ಗಿರಣಿಯ ಸಾಹುಕಾರರು ಅಧ್ಯಕ್ಷರು. ಹಾರ್ಮೋನಿಯಂ ನುಡಿಸುವವರು ಮದ್ದೂರಿನಿಂದ ಬರುತ್ತಿದ್ದರು. ದೊಡ್ಡಪ್ಪ ರಾಜನ ಪಾತ್ರಕ್ಕೆ ಹೆಸರಾದವರು. ಅವರು ಬಾಯಿಪಾಠ ಕಲಿತದ್ದನ್ನು ಓದು ಬಲ್ಲವರೂ ಅಷ್ಟು ಶುದ್ಧವಾಗಿ ಹೇಳುತ್ತಿರಲಿಲ್ಲ. ನಾನು ಸ್ತ್ರೀಪಾತ್ರ. ಮುಖ ಸುಮಾರು, ಕಂಠ ಮಾತ್ರ ಚೆನ್ನಾಗಿತ್ತು. ಈಗ ಹೇಳಿಕೊಂಡರೆ ನಗುತ್ತಾರೆ, ಆದರೆ ನಾನು ಹಾಡಿದರೆ ಜನ "ಒನ್ಸ್ ಮೋರ್" ಕೂಗದೆ ಬಿಡುತ್ತಿರಲಿಲ್ಲ.

ಈಗಿನವರಿಗೆ ಆ ಒನ್ಸ್ ಮೋರ್ ಏನೆಂದು ಗೊತ್ತಿಲ್ಲ. ಹಾಡು ಹಿಡಿಸಿದರೆ ಜನ ಕೂಗುತ್ತಾರೆ, ನಟ ಹಾರ್ಮೋನಿಯಂ ಕಡೆ ನೋಡಿ ತಲೆಯಾಡಿಸುತ್ತಾನೆ, ಹಾಡು ಮೊದಲಿಂದ ಶುರುವಾಗುತ್ತದೆ. ಸುತ್ತ ಇದ್ದವರು ಹಾಡಿಗೆ ಮುಂಚೆ ಎಲ್ಲೆಲ್ಲಿ ಇದ್ದರೋ ಅಲ್ಲಲ್ಲಿಗೇ ಹೋಗಿ ನಿಲ್ಲಬೇಕು. ಸತ್ತು ಬಿದ್ದ ರಾಜಕುಮಾರ ಎದ್ದು ಕೂತು, ಇನ್ನೊಂದು ಸಲ ಹಾಡಿ, ಇನ್ನೊಂದು ಸಲ ಸಾಯುವುದನ್ನು ನಾನೇ ಕಂಡಿದ್ದೇನೆ. ಯಾರಿಗೂ ಅದು ತಮಾಷೆ ಅನ್ನಿಸುತ್ತಿರಲಿಲ್ಲ. ಜನ ಕೇಳಿದ್ದನ್ನು ಕೊಡದೆ ಒಳಕ್ಕೆ ಹೋದ ನಟನಿಗೆ ಮಾತ್ರ ಸೊಕ್ಕು ಎನ್ನುತ್ತಿದ್ದರು.

ಆ ವರ್ಷ ಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಒಂದು ಹಳೆಯ ಇಂಗ್ಲಿಷ್ ನಾಟಕವನ್ನು ಕನ್ನಡಕ್ಕೆ ಮಾಡಿಕೊಂಡು ಬಂದರು. ಮಳವಳ್ಳಿ ಕಡೆಯವರು, ತೆಳ್ಳಗೆ ಬೆಳ್ಳಗೆ, ಮಾತಿಗಿಂತ ಕೆಮ್ಮೇ ಜಾಸ್ತಿ. ಗಿರಣಿಯ ಉಗ್ರಾಣದಲ್ಲಿ ಮೂಟೆಗಳ ಮೇಲೆ ಕೂತು ಕಥೆ ಕೇಳಿದೆವು. ಒಬ್ಬ ಯೆಹೂದಿ, ಬಡ್ಡಿ ವ್ಯಾಪಾರ. ತನ್ನ ಮುಖಕ್ಕೆ ಉಗಿಯುತ್ತಿದ್ದ ವರ್ತಕನಿಗೇ ಸಾಲ ಕೊಟ್ಟು, ತೀರಿಸದಿದ್ದರೆ ನಿನ್ನ ಮೈಯ ಮಾಂಸ ಕೊಡು ಎಂದು ಬರೆಸಿಕೊಳ್ಳುತ್ತಾನೆ. ಕೊನೆಗೆ ಕೋರ್ಟಿನಲ್ಲಿ ವಕೀಲನ ವೇಷ ಹಾಕಿದ ಹೆಣ್ಣೊಬ್ಬಳು, ಮಾಂಸ ಕೊಯ್ಯಿ ಆದರೆ ರಕ್ತ ಚೆಲ್ಲಬಾರದು ಎಂದು ಅವನನ್ನು ಸೋಲಿಸುತ್ತಾಳೆ. ಆಸ್ತಿ ಹೋಗುತ್ತದೆ. ಮತವನ್ನೂ ಬಿಡಬೇಕು ಎಂದು ತೀರ್ಪಾಗುತ್ತದೆ. ಆ ಹೆಣ್ಣಿನ ಪಾತ್ರ ನನಗೆ ಎಂದು ಆಗಲೇ ಎಲ್ಲರೂ ನನ್ನ ಕಡೆ ನೋಡಿದರು.

ದೊಡ್ಡಪ್ಪ ಮೂಲೆಯಲ್ಲಿ ಬೀಡಿ ಆರಿಸಿ ಎದ್ದು ನಿಂತರು. "ಮೇಷ್ಟ್ರೇ, ಇದ ಬರ್ದೋನು ಯೂದಿನ ಕಣ್ಣಾರೆ ನೋಡಿದ್ನಾ?"

ಮೇಷ್ಟ್ರು ಕೆಮ್ಮಿ ಹೇಳಿದರು: "ನೋಡಿರಲಿಕ್ಕಿಲ್ಲ. ಅವನು ಹುಟ್ಟೋದಕ್ಕೆ ನೂರಾರು ವರ್ಷ ಮುಂಚೇನೇ ಆ ದೇಶದಿಂದ ಅವರನ್ನ ಓಡಿಸಿಬಿಟ್ಟಿದ್ದರು."

"ನೋಡ್ದೇನೇ ಬರ್ದವ್ನೆ. ನಾನು ನೋಡಿವ್ನಿ. ಆ ಪಾರ್ಟು ನಂಗ್ ಕೊಡಿ."

ಸಾಹುಕಾರರು ಒಪ್ಪಲಿಲ್ಲ. ಅವರ ಲೆಕ್ಕದಲ್ಲಿ ಅದು ಹಾಸ್ಯದ ಪಾರ್ಟು. ಜನ ನಗಬೇಕು, ಉಗಿಯಬೇಕು. ಅದಕ್ಕೆಂದು ಬಟ್ಟೆಗೆ ಗೋಂದು ಮೆತ್ತಿ ಒಂದು ದೊಡ್ಡ ಮೂಗನ್ನೂ ಮಾಡಿಸಿ ತಂದಿದ್ದರು. ಮಂಡ್ಯದ ಜನಕ್ಕೆ ಯೆಹೂದಿ ಯಾರೆಂದು ಗೊತ್ತಿಲ್ಲ, ಆದ್ದರಿಂದ ಪೇಟೆಯ ಬಡ್ಡಿ ವ್ಯಾಪಾರದ ಜಾತಿಯವರ ವೇಷ ಹಾಕಿಸೋಣ, ಆಗ ಮಜಾ ಬರುತ್ತದೆ ಎಂದು ಇನ್ನೊಬ್ಬರ ಸಲಹೆ. ಎರಡು ವಾರ ಇದೇ ಜಗಳ. ನಾಟಕವೇ ಬೇಡ ಎಂದು ಕೆಲವರು, ಹೊರದೇಶದ ಮತದ ಗಲಾಟೆ ನಮಗೇಕೆ ಎಂದು ಕೆಲವರು. ದೊಡ್ಡಪ್ಪ ಮೂಗನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಆ ಮುದ್ಕನ ಮೂಗು ನಿಮ್ ಮೂಗ್ಗಿಂತ ಸಣ್ದಾಗಿತ್ತು ಸಾವ್ಕಾರ್ರೇ. ಇದ ನೀವೇ ಮಡಿಕ್ಕಳಿ" ಎಂದು ಅವರ ಮುಂದೆಯೇ ಇಟ್ಟರು. ಎಲ್ಲರೂ ನಕ್ಕರು, ಸಾಹುಕಾರರೂ ನಕ್ಕರು. ಪಾರ್ಟು ದೊಡ್ಡಪ್ಪನದಾಯಿತು.

ಆದರೆ ಕೊನೆಯ ಭಾಗ ಅವರಿಗೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಮತ ಬಿಡಿಸುವುದನ್ನು ತೆಗೆದುಹಾಕಿ ಎಂದು ಮೇಷ್ಟ್ರನ್ನು ಕೇಳಿಕೊಂಡರು. ಮೂಲದಲ್ಲಿ ಇರುವುದನ್ನು ತೆಗೆಯುವಂತಿಲ್ಲ ಎಂದರು ಮೇಷ್ಟ್ರು. ಒಳ್ಳೆಯ ಮನುಷ್ಯ, ಆದರೆ ಪುಸ್ತಕ ಎಂದರೆ ದೇವರು. ಅದರ ಮೇಲೆ ಹಾಡಿಲ್ಲದೆ ನಾಟಕವಿಲ್ಲ ಎಂದು ಹಾರ್ಮೋನಿಯಂನವರು ಹಟ ಹಿಡಿದು, ತೀರ್ಪಿನ ಜಾಗದಲ್ಲೇ ನನಗೊಂದು ಹಾಡು ಇಡಿಸಿದರು. ಕಾಲು ತಾನಾಗಿ ಕುಣಿಯುವ ಮಟ್ಟು. ಹಾಡು ಶುರುವಾದಾಗ ಒಬ್ಬ ನಟ ಯೆಹೂದಿಯ ಟೋಪಿ ಹಾರಿಸುತ್ತಾನೆ, ಅವನು ಮಂಡಿಯೂರುತ್ತಾನೆ, ಹಾಡು ಮುಗಿಯುವವರೆಗೆ ಹಾಗೇ ಇರುತ್ತಾನೆ.

ಕೊನೆಗೆ ದೊಡ್ಡಪ್ಪ ಒಂದು ಉಪಾಯ ಕಂಡುಕೊಂಡರು. ಹಾಡು ಮುಗಿದಮೇಲೆ ಪರದೆಯ ಹಿಂದಕ್ಕೆ ಹೋಗುವುದಿಲ್ಲ. ಬಿದ್ದ ಟೋಪಿಯನ್ನು ತಾನೇ ಎತ್ತಿ, ಧೂಳು ಕೊಡವಿ ತಲೆಗೆ ಇಟ್ಟುಕೊಂಡು, ರಂಗದ ಮುಂದಿನ ಮೆಟ್ಟಿಲಿಳಿದು, ಜನರ ನಡುವಿನ ದಾರಿಯಲ್ಲಿ ಒಂದು ಮಾತೂ ಆಡದೆ ಆಚೆಗೆ ನಡೆದುಹೋಗುತ್ತೇನೆ ಎಂದರು. ಮೇಷ್ಟ್ರು ಒಪ್ಪಿದರು. "ಮಾತು ಬ್ಯಾಡ ಕಣ್ಲಾ. ನಾನು ನಡೀವಾಗ ಜನ ಸುಮ್ಕಿದ್ರೆ ಸಾಕು. ಆ ರೊಟ್ಟಿ ತಿಂದುದ್ಕೆ ಅಷ್ಟಾರ ಮಾಡ್ಬೇಕಲ್ಲ" ಎಂದು ನನ್ನ ಹತ್ತಿರ ಹೇಳಿಕೊಂಡರು. ಮಾತು ಕಲಿಸಿದವನು ನಾನೇ. ಎರಡು ತಿಂಗಳು ಅವರು ಕುದುರೆ ಉಜ್ಜುತ್ತಿದ್ದರು, ನಾನು ಒಂದೊಂದೇ ಸಾಲು ಓದುತ್ತಿದ್ದೆ. ಮಾತಿಗಿಂತ ಆ ನಡಿಗೆಯನ್ನೇ ಹೆಚ್ಚು ಅಭ್ಯಾಸ ಮಾಡಿದರು. ಹಿತ್ತಲಿನಲ್ಲಿ, ಬೆಳಗಿನ ಹೊತ್ತು, ಬರಿಗಾಲಲ್ಲಿ... ದೊಡ್ಡಮ್ಮ ಸಗಣಿ ತಟ್ಟುತ್ತ ನೋಡಿ, "ಏನ್ ಉಚ್ಚು ಇಡೀತೋ ಈವಯ್ಯಂಗೆ" ಎಂದು ಗೊಣಗುತ್ತಿದ್ದರು.

ಸಂಕ್ರಾಂತಿ ಕಳೆದು, ಸುಗ್ಗಿ ಮುಗಿದಮೇಲೆ ನಾಟಕ. ಸ್ಟೇಷನ್ನಿನ ಹತ್ತಿರದ ಬಯಲಲ್ಲಿ ಚಪ್ಪರ ಹಾಕಿದ್ದರು. ಹೊಳಲು, ಬಸರಾಳಿನವರಿರಲಿ, ಕಿರುಗಾವಲಿನಿಂದ ಕೂಡ ಬಂಡಿ ಕಟ್ಟಿಕೊಂಡು ಬಂದಿದ್ದರು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ನಮ್ಮ ತಾಲ್ಲೂಕು ಕಚೇರಿಯ ಅಮಲ್ದಾರರು. ನನ್ನ ಕೆಲಸ ಕಾಯಂ ಆಗುವುದು ಅವರ ಒಂದು ರುಜುವಿನಲ್ಲಿತ್ತು. ಇದನ್ನು ನೆಪಕ್ಕೆ ಹೇಳುತ್ತಿದ್ದೇನೆಯೇ? ಇರಬಹುದು. ಅವರು ನನಗೆ ಏನೂ ಮಾಡು ಎಂದವರಲ್ಲ.

ಮೊದಲರ್ಧ ದೊಡ್ಡಪ್ಪ ಗೆದ್ದರು. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ. ದೊಡ್ಡ ಮೂಗಿಲ್ಲ, ಗೂನು ಬೆನ್ನಿಲ್ಲ, ಬಿಳಿ ಗಡ್ಡ, ಕಪ್ಪು ನಿಲುವಂಗಿ, ಟೋಪಿ. ತಾನೂ ನಿಮ್ಮ ಹಾಗೆಯೇ ಒಬ್ಬ ಮನುಷ್ಯ ಎಂದು ಹೇಳುವ ಮಾತನ್ನು ಅವರು ಕೂಗಿ ಹೇಳಲಿಲ್ಲ, ಪಕ್ಕದಲ್ಲಿ ಕೂತವನಿಗೆ ಹೇಳುವ ಹಾಗೆ ಹೇಳಿದರು. ಹೆಂಗಸರ ಕಡೆ ಸೆರಗು ಕಣ್ಣಿಗೆ ಹೋಯಿತು. ಕಡಲೆಕಾಯಿ ಸಿಪ್ಪೆಯ ಸದ್ದೂ ನಿಂತಿತು. ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರು ನನ್ನ ಕೈ ಹಿಡಿದು, "ನೋಡಿದೆಯಾ" ಎಂದು ಪಿಸುಗುಟ್ಟಿದರು.

ಆಮೇಲೆ ಕೋರ್ಟಿನ ದೃಶ್ಯ. ಟೋಪಿ ಹಾರಿತು. ದೊಡ್ಡಪ್ಪ ಮಂಡಿಯೂರಿದರು. ನಾನು ಹಾಡಿದೆ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಹಿಂದೆಯೂ ಹಾಡಿರಲಿಲ್ಲ, ಮುಂದೆಯೂ ಹಾಡಲಿಲ್ಲ. ಮಟ್ಟಿಗೆ ಜನ ಚಪ್ಪಾಳೆ ತಟ್ಟುವುದಕ್ಕೆ ಶುರುಮಾಡಿದರು, ಹಾಡು ಮುಗಿಯುವ ಹೊತ್ತಿಗೆ ಇಡೀ ಚಪ್ಪರ ತಟ್ಟುತ್ತಿತ್ತು. ದೊಡ್ಡಪ್ಪ ಎದ್ದು, ಟೋಪಿ ಎತ್ತಿಕೊಂಡು, ಕೊಡವಿ ತಲೆಗಿಟ್ಟು, ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದರು.

"ಒನ್ಸ್ ಮೋರ್!"

ಅವರು ಅಲ್ಲೇ ನಿಂತು ತಿರುಗಿ ನನ್ನ ಮುಖ ನೋಡಿದರು. ಪರದೆಯ ಪಕ್ಕದಲ್ಲಿ ಮೇಷ್ಟ್ರು ಎರಡೂ ಕೈ ಆಡಿಸಿ ಬೇಡ ಬೇಡ ಎನ್ನುತ್ತಿದ್ದರು. ನಾನು ಅದನ್ನು ನೋಡಿದೆ. ನೋಡಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಆದರೆ ನೋಡಿದೆ. ಹಾರ್ಮೋನಿಯಂನವರು ಬೆರಳು ಸ್ವರದ ಮನೆಗಳ ಮೇಲಿಟ್ಟು ನನ್ನ ತಲೆ ಆಡುವುದನ್ನೇ ಕಾಯುತ್ತಿದ್ದರು. ನಾನು ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ತಲೆಯಾಡಿಸಿದೆ.

ದೊಡ್ಡಪ್ಪ ವಾಪಸು ಬಂದರು. ಪದ್ಧತಿ ಅವರಿಗೂ ಗೊತ್ತಿತ್ತಲ್ಲ. ಟೋಪಿ ಮತ್ತೆ ಹಾರಿತು, ಅವರು ಮತ್ತೆ ಮಂಡಿಯೂರಿದರು. ಈ ಸಲ ಜನ ನಕ್ಕರು. ಒಂದು ಸಲ ಕಂಡಾಗ ಮನಸ್ಸಿಗೆ ನಾಟುವುದು ಎರಡನೆಯ ಸಲ ಆಟವಾಗಿಬಿಡುತ್ತದೆ, ಅಷ್ಟೂ ನನಗೆ ತಿಳಿಯಲಿಲ್ಲ. ನಾನು ಕೈ ತಿರುಗಿಸಿ, ಕತ್ತು ಕೊಂಕಿಸಿ, ಮೊದಲನೆಯ ಸಲಕ್ಕಿಂತ ಹೆಚ್ಚು ಒನಪು ಮಾಡಿ ಹಾಡಿದೆ. ಮುಗಿಯುವ ಮೊದಲೇ ಮತ್ತೆ ಒನ್ಸ್ ಮೋರ್ ಎದ್ದಿತು.

ಅಷ್ಟರಲ್ಲಿ ದೊಡ್ಡಪ್ಪ ಬೇಗ ಬೇಗ ಮೆಟ್ಟಿಲಿಳಿದು ಜನರ ನಡುವಿನ ದಾರಿಗೆ ಬಂದಿದ್ದರು. ಆ ನಡಿಗೆ ಅವರು ಅಭ್ಯಾಸ ಮಾಡಿದ ನಡಿಗೆಯೇ ಅಲ್ಲ. ಚಾಪೆಯ ಮೇಲಿದ್ದ ನಾಲ್ಕೈದು ಜನ ಗಂಡಸರು ಎದ್ದು ಅಡ್ಡ ನಿಂತರು. "ಎಲ್ಲಿಗ್ಲಾ ಓಯ್ತೀಯ ಯೂದಿ? ಪದ ಇನ್ನೂ ಅದೆ!" ಎಂದು ಕಂಕುಳಿಗೆ ಕೈ ಹಾಕಿ ಎತ್ತಿದರು. ಅವರಿಗೆ ಕೋಪವೇನೂ ಇರಲಿಲ್ಲ, ಎಲ್ಲ ನಗುತ್ತಿದ್ದರು. ನಾಳೆ ಬೆಳಗಾದರೆ ದೊಡ್ಡಪ್ಪನದೇ ಜಟಕಾ ಹತ್ತುವವರು. ಒಬ್ಬನ ಕೈಗೆ ಗಡ್ಡ ಸಿಕ್ಕಿತು, ಎಳೆದ. ಗಟ್ಟಿಯಾಗಿ ಕೂರಲಿ ಎಂದು ದೊಡ್ಡಪ್ಪ ಆ ದಿನ ಎರಡು ಸಲ ಅರಗು ಹಚ್ಚಿಸಿಕೊಂಡಿದ್ದರು. ಗಡ್ಡದ ಜೊತೆ ಚರ್ಮವೂ ಬಂತು.

ಅವರನ್ನು ತಂದು ರಂಗದ ಮೇಲೆ ನಿಲ್ಲಿಸಿದರು. ದವಡೆಯಲ್ಲಿ ರಕ್ತ ಸಣ್ಣಗೆ ಒಸರುತ್ತಿತ್ತು. ಅವರು ಜನರ ಕಡೆ ತಿರುಗಿ, ನಾಟಕದ ಮಾತು ಬಿಟ್ಟು, ತಮ್ಮ ಹೊಳಲಿನ ಮಾತಿನಲ್ಲೇ ಹೇಳಿದರು: "ನಗ್ಬ್ಯಾಡಿ ಕಣ್ರಪ್ಪಾ. ಇವ್ರ ಮನೇಲಿ ನಾನು ಮೂರು ವಾರ ಅನ್ನ ಉಂಡಿವ್ನಿ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಯೆಹೂದಿಯ ವೇಷದಲ್ಲಿ ನಮ್ಮ ಹಳ್ಳಿಯ ಮಾತು! ಅದನ್ನು ಹಾಸ್ಯಗಾರನ ಚಟಾಕಿ ಎಂದುಕೊಂಡರು. "ಇನ್ನೊಂದ್ ಕಿತ ಯೋಳು!" ಎಂದು ಅದಕ್ಕೂ ಒನ್ಸ್ ಮೋರ್ ಕೂಗಿದರು. ಅಮಲ್ದಾರರು ಕರವಸ್ತ್ರದಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು. ದೊಡ್ಡಪ್ಪ ನನ್ನ ಹತ್ತಿರ ಬಂದು ನನಗೊಬ್ಬನಿಗೇ ಕೇಳುವಂತೆ, "ಸಾಕು ಬುಡ್ಲಾ" ಎಂದರು.

ಹಾರ್ಮೋನಿಯಂ ಶುರುವಾಗಿತ್ತು. ನಾನು ಹಾಡಿದೆ. ಅವರು ಒಂದು ಗಳಿಗೆ ಹಾಗೇ ನಿಂತಿದ್ದು, ಆಮೇಲೆ ತಾವಾಗಿಯೇ ಮಂಡಿಯೂರಿ ಕೂತರು. ಇದು ಮುಗಿಯಲಿ ಎಂದು ಕೂತರು, ಅಷ್ಟೆ. ಹಾಡು ಮುಗಿದಮೇಲೆ ಏಳಲಿಲ್ಲ, ನಡೆಯಲಿಲ್ಲ. ಮೇಷ್ಟ್ರು ಪರದೆ ಬಿಡಿಸಿಬಿಟ್ಟರು. ಆಚೆ ಕಡೆಯಿಂದ ಚಪ್ಪಾಳೆ ಬಹಳ ಹೊತ್ತು ಕೇಳುತ್ತಿತ್ತು. ಅಮಲ್ದಾರರು ಮೇಲೆ ಬಂದು ನನ್ನ ಸೀರೆಯ ಸೆರಗಿಗೆ ಬೆಳ್ಳಿಯ ಮೆಡಲ್ಲು ಚುಚ್ಚಿದರು. ಮುಂದಿನ ತಿಂಗಳು ನನ್ನ ಕೆಲಸವೂ ಕಾಯಂ ಆಯಿತು.

ದೊಡ್ಡಪ್ಪ ಬೈದಿದ್ದರೆ ಚೆನ್ನಾಗಿತ್ತು. ಎರಡು ಬಾರಿಸಿದ್ದರೂ ತಿನ್ನುತ್ತಿದ್ದೆ. ಒಂದು ವಾರ ದವಡೆಗೆ ಅರಿಸಿನ ಮೆತ್ತಿಕೊಂಡು ಎಂದಿನ ಹಾಗೆ ಜಟಕಾ ಓಡಿಸಿದರು. ದೊಡ್ಡಮ್ಮ ಎಂದಿನ ಹಾಗೆ ಹಿತ್ತಲ ಗೋಡೆಯ ಮೇಲಿನಿಂದ ಉಪ್ಸಾರು ಕೊಡುತ್ತಿದ್ದರು. ನಾನು ಸಂಜೆ ಪೇಪರು ಹಿಡಿದುಕೊಂಡು ಲಾಯಕ್ಕೆ ಹೋದರೆ, "ಇವತ್ತು ಬ್ಯಾಡ ಬುಡು ಮಗಾ, ಕೆಲ್ಸ ಅದೆ" ಎಂದರು. ಮಾರನೆಯ ದಿನವೂ ಅದೇ ಮಾತು. ಮೂರನೆಯ ದಿನ ನಾನೇ ಹೋಗಲಿಲ್ಲ.

ಆಮೇಲೆ ತಿಳಿಯಿತು, ಅವರು ಇಂಗ್ಲಿಷ್ ಮೇಷ್ಟ್ರ ಮನೆಗೆ ಹೋಗುತ್ತಿದ್ದಾರೆ ಎಂದು. ನಲವತ್ತಾರು ವರ್ಷದ ಆಳು, ಸ್ಲೇಟು ಬಳಪ ಹಿಡಿದು ಅ ಆ ಇ ಈ ತಿದ್ದುತ್ತಿದ್ದಾರೆ. ಊರೆಲ್ಲ ಮೆಚ್ಚಿಕೊಂಡಿತು. ನಮ್ಮಪ್ಪ, "ನೋಡ್ಲಾ, ಈ ವಯಸ್ನಾಗೂ ಕಲೀತಾವ್ನೆ" ಎಂದು ನನಗೇ ಹೇಳಿದರು. ಪೇಪರು ಓದಿಸಿಕೊಳ್ಳುವುದಕ್ಕೆ ನಾನು ಬೇಡವಾದೆ ಎಂಬುದು ಗೊತ್ತಿದ್ದದ್ದು ನನಗೊಬ್ಬನಿಗೇ. ಹೋಗಿ ತಪ್ಪಾಯಿತು ಎನ್ನಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ದಿನಾ ಗೋಡೆಯ ಈಚೆಗೇ ಉಳಿದುಕೊಳ್ಳುತ್ತಿದ್ದೆ. ಒಂದು ಗೋಡೆ, ನನ್ನ ಭುಜದಷ್ಟು ಎತ್ತರ.

ಯುದ್ಧ ಬಂತು, ವರ್ಷಗಳು ಹೋದವು. ಯುದ್ಧ ಮುಗಿಯುವ ಸಮಯದಲ್ಲಿ ಒಂದು ಭಾನುವಾರ ವಾಚನಾಲಯಕ್ಕೆ ಹೋದೆ. ದೊಡ್ಡಪ್ಪ ಬೆಂಚಿನ ಮೇಲೆ ಕೂತು ಪೇಪರಿನ ಮೇಲೆ ಬೆರಳಿಟ್ಟುಕೊಂಡಿದ್ದರು. ಅವರು ಒಂದೊಂದೇ ಅಕ್ಷರ ಕೂಡಿಸಿ ತುಟಿಯಲ್ಲೇ ಓದುವವರು. ಜರ್ಮನಿಯವರು ನಡೆಸುತ್ತಿದ್ದ ಬಂದೀಖಾನೆಗಳ ಬಾಗಿಲು ತೆಗೆದಾಗ ಕಂಡದ್ದೇನು ಎಂಬ ಸುದ್ದಿ ಅದು. ನಾನು ಬೆಳಗ್ಗೆಯೇ ಓದಿದ್ದೆ. ಅವರ ಬೆರಳು ಒಂದು ಸಾಲಿನ ಕೊನೆಗೆ ಹೋಗಿ ಮತ್ತೆ ಮೊದಲಿಗೆ ಬರುತ್ತಿತ್ತು, ಮತ್ತೆ ಕೊನೆಗೆ, ಮತ್ತೆ ಮೊದಲಿಗೆ... ಓದಿದ್ದು ಸರಿಯೇ ತಪ್ಪೇ ಎಂದು ಅನುಮಾನ ಬಂದಿರಬೇಕು. ಹತ್ತಿರ ಹೋಗಿ ಕೂತು, ಸರಿಯಾಗಿಯೇ ಓದಿದ್ದೀರಿ ದೊಡ್ಡಪ್ಪ ಎಂದು ಹೇಳಬೇಕಾದವನು ನಾನು. ಚಪ್ಪಲಿ ಸದ್ದಾಗದ ಹಾಗೆ ಆಚೆಗೆ ಬಂದೆ.

ನಲವತ್ತೇಳರಲ್ಲಿ ಸ್ವಾತಂತ್ರ್ಯದ ಸಂಭ್ರಮಕ್ಕೆ ಹಳೆಯ ಗೆದ್ದ ನಾಟಕವನ್ನೇ ಮತ್ತೆ ಆಡೋಣ ಎಂದು ಸಾಹುಕಾರರು ಪಟ್ಟು ಹಿಡಿದರು. ದೊಡ್ಡಪ್ಪನನ್ನು ಒಪ್ಪಿಸುವುದಕ್ಕೆ ನನ್ನನ್ನೇ ಕಳಿಸಿದರು. ಅವರು ಕುದುರೆ ಮಾರಿ ಹೊಳಲಿಗೆ ಹೋಗಿ ಒಂದು ವರ್ಷವಾಗಿತ್ತು. ತೀರಾ ಇಳಿದುಹೋಗಿದ್ದರು. ಉಸಿರು ಎಳೆದೆಳೆದು ಬಿಡುತ್ತಿದ್ದರು. ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತು, ನಾನು ನಾಟಕದ ವಿಷಯ ಹೇಳುವುದನ್ನು ಪೂರ್ತಿ ಕೇಳಿಸಿಕೊಂಡರು. ಆಗ, ಎಂಟು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದದ್ದು ಹೇಗೋ ಆಚೆಗೆ ಬಂತು.

"ಆವತ್ತು ನಾನು ತಪ್ಪು ಮಾಡಿದೆ ದೊಡ್ಡಪ್ಪ. ಒನ್ಸ್ ಮೋರ್ ಅಂದಾಗ ನಾನು ಇಲ್ಲ ಅನ್ಬೇಕಾಗಿತ್ತು."

ಅವರು ನನ್ನ ಮುಖ ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಹಗುರವಾಗುತ್ತಿತ್ತು.

"ನೀನು ಕೆಟ್ಟೋನಲ್ಲ ಕಣ್ಲಾ. ಜನ ಕೇಳುದ್ರು, ನೀನು ತಲೆ ಆಡುಸ್ದೆ. ಆ ಜರ್ಮನೀಲೂ ಅಂಗೇ ಆಗಿರ್ಬೇಕು, ಇನ್ನೇನು."

ಅಷ್ಟೇ ಅಂದದ್ದು. ಆಮೇಲೆ ಉಂಡು ಹೋಗು ಎಂದರು. ಮುದ್ದೆ ಇಕ್ಕಿಸಿದರು. ಅವರ ಮನೆಯ ಅನ್ನ ಉಂಡು ಬಂದೆ. ಮಂಡ್ಯಕ್ಕೆ ವಾಪಸು ಬಂದು ಸಾಹುಕಾರರಿಗೆ, ಅವರಿಗೆ ಮಂಡಿನೋವು, ಆಗುವುದಿಲ್ಲವಂತೆ ಎಂದು ಸುಳ್ಳು ಹೇಳಿದೆ. ಬೇರೆ ನಾಟಕ ಆಡಿದರು. ಆ ಸುಗ್ಗಿಗೆ ದೊಡ್ಡಪ್ಪ ಇರಲಿಲ್ಲ.

ಮೇಷ್ಟ್ರು ಹೋದರು, ಸಾಹುಕಾರರು ಹೋದರು. ದೊಡ್ಡಮ್ಮನೂ ಹೋಗಿ ಬಹಳ ಕಾಲವಾಯಿತು. ಹೈಫಾದ ಆ ಮುದುಕ ಮುದುಕಿಯ ಕಥೆ ತಿಳಿದಿರುವವನು ಈ ಸೀಮೆಯಲ್ಲಿ ಈಗ ನಾನೊಬ್ಬನೇ.

ಮೊನ್ನೆ ಭಾನುವಾರ ಮದ್ದೂರಿನಲ್ಲಿ ನನಗೊಂದು ಸನ್ಮಾನ. ಹಳೆಯ ರಂಗನಟ ಎಂದು ಶಾಲು ಹೊದಿಸಿ, ಪೇಟ ಇಟ್ಟು, ಮೈಕು ಕೈಗೆ ಕೊಟ್ಟರು. ಎದುರಿಗೆ ಮುನ್ನೂರು ಜನ. ಹಿಂದಿನ ಸಾಲಿನಿಂದ ನನ್ನ ವಯಸ್ಸಿನ ಒಬ್ಬ ಮುದುಕ ಎದ್ದು, "ಆ ಯೂದಿ ನಾಟ್ಕದ ಪದ ಯೋಳಿ ಸ್ವಾಮಿ, ಆ ಕೋಲ್ಟಿಂದು! ನಾವು ಗಡ್ಡ ಕಿತ್ತಿದ್ವಲ್ಲ!" ಎಂದು ಬೊಚ್ಚುಬಾಯಿ ಬಿಟ್ಟು ನಕ್ಕ. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಈಗಲಾದರೂ ಹೇಳಬಹುದಿತ್ತು. ಆ ಗಡ್ಡದ ಹಿಂದೆ ಯಾರಿದ್ದರು, ಅವರು ಯಾರ ಮನೆಯ ರೊಟ್ಟಿ ತಿಂದಿದ್ದರು, ಜನರ ನಡುವೆ ಸುಮ್ಮನೆ ನಡೆದುಹೋಗಲು ಹಿತ್ತಲಲ್ಲಿ ಎರಡು ತಿಂಗಳು ಹೇಗೆ ನಡೆದು ನಡೆದು ಕಲಿತಿದ್ದರು... ಎಲ್ಲವನ್ನೂ ಹೇಳಬಹುದಿತ್ತು. ಮೈಕು ನನ್ನ ಕೈಯಲ್ಲೇ ಇತ್ತು, ಮುನ್ನೂರು ಜನ ಸುಮ್ಮನಾಗಿ ನನ್ನ ಬಾಯಿ ನೋಡುತ್ತಿದ್ದರು.

ಗಂಟಲು ಸರಿಯಿಲ್ಲ ಎಂದು ಹೇಳಿ, ಮೈಕು ಪಕ್ಕದವರಿಗೆ ಕೊಟ್ಟು ಕೂತುಕೊಂಡೆ.